ಮೂಲಕ್ಕೇ ಬೆರೆತ ವಿಷ: ಎರವಲು ತಂತ್ರಾಂಶಕ್ಕೆ ಹೊಣೆ ಯಾರು?

ಬಜಪೆ: ಇಲ್ಲಿನ ವಿಮಾನ ನಿಲ್ದಾಣದಿಂದ ಕೊಲ್ಲಿ ರಾಷ್ಟ್ರಗಳಿಗೆ ಹೊರಡುವ ಪ್ರಯಾಣಿಕನ ಪಾಸ್‌ಪೋರ್ಟ್ ವಿವರ, ಆತ ವಿಮಾನ ಏರುವ ಮುನ್ನವೇ ಹಲವು ಗಣಕಗಳನ್ನು ದಾಟಿರುತ್ತದೆ. ಅವುಗಳ ಪೈಕಿ ಒಂದು ದುರ್ಬಲವಾಗಿದ್ದರೂ ಸಾಕು. 2021ರಲ್ಲಿ ಬಹಿರಂಗವಾದ ಏರ್ ಇಂಡಿಯಾ ಪ್ರಕರಣದಲ್ಲಿ ಸುಮಾರು 45 ಲಕ್ಷ ಮಂದಿಯ ಮಾಹಿತಿ ಸೋರಿದ್ದು, ಸೇವೆ ಒದಗಿಸುತ್ತಿದ್ದ ಸೀಟಾ ಕಂಪನಿಯ ವ್ಯವಸ್ಥೆಯಿಂದ.

ಅಂತರ್ಜಾಲ ತಾಣಗಳ ನಿರ್ಮಾಣವೂ ಇಂತಹುದೇ ಎರವಲನ್ನು ನೆಚ್ಚಿಕೊಂಡಿದೆ. ಬೇರೆಯವರು ಬರೆದಿಟ್ಟ ಸಿದ್ಧ ತಂತ್ರಾಂಶಗಳನ್ನು ಜೋಡಿಸುವುದೇ ಇಂದಿನ ರೂಢಿ. ಈ ರೂಢಿಯ ಅಪಾಯವನ್ನು ಎತ್ತಿ ತೋರುವುದು 'ಪ್ರೊಟೊಟೈಪ್ ಪೊಲ್ಯೂಷನ್' ಎಂಬ ದೋಷ.

1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ದತ್ತಾಂಶದ ಘಟಕವೊಂದು ತನ್ನಲ್ಲಿಲ್ಲದ ಗುಣವನ್ನು 'ಪ್ರೊಟೊಟೈಪ್' ಎಂಬ ಮೂಲ ಮಾದರಿಯಲ್ಲಿ ಹುಡುಕುತ್ತದೆ. ಸ್ವಂತ ಬಾವಿ ಇಲ್ಲದ ಮನೆಗಳೆಲ್ಲ ಊರಿನ ಒಂದೇ ಟ್ಯಾಂಕಿನ ನೀರು ಕುಡಿದಂತೆ. ಬಳಕೆದಾರ ಕಳುಹಿಸಿದ ಮಾಹಿತಿಯನ್ನು ಪರಿಶೀಲಿಸದೆ ಬೆರೆಸುವ ತಂತ್ರಾಂಶವಿದ್ದರೆ, ಕನ್ನಗಾರ ಆ ಮೂಲಕ್ಕೇ 'ಆಡಳಿತಾಧಿಕಾರಿ: ಹೌದು' ಎಂಬ ನಮೂದನ್ನು ಸೇರಿಸಬಲ್ಲ. ಬಳಿಕ, ಅಂತಹ ನಮೂದು ಸ್ವಂತಕ್ಕಿಲ್ಲದ ಸಾಮಾನ್ಯ ಖಾತೆಯೂ ಅಧಿಕಾರಿಯ ಖಾತೆಯಂತೆ ಕಾಣಬಹುದು.

ಇದು ಕೇವಲ ಪುಸ್ತಕದ ಮಾತಲ್ಲ. ಜೆಕ್ವೆರಿ ಮತ್ತು ಲೋಡ್ಯಾಶ್‌ಗಳಲ್ಲಿ 2019ರಲ್ಲಿ ಈ ದೋಷ ಪತ್ತೆಯಾಗಿ, ಕ್ರಮವಾಗಿ 3.4.0 ಮತ್ತು 4.17.12 ಆವೃತ್ತಿಗಳಲ್ಲಿ ಸರಿಪಡಿಸಲಾಯಿತು. 2025ರ ಡಿಸೆಂಬರ್‌ನಲ್ಲಿ ರಿಯಾಕ್ಟ್ ಚೌಕಟ್ಟಿನ ಸರ್ವರ್ ಭಾಗದಲ್ಲಿ ಬಯಲಾದ ಲೋಪಕ್ಕೆ ತೀವ್ರತೆಯಲ್ಲಿ ಹತ್ತಕ್ಕೆ ಹತ್ತು ಅಂಕ ಸಂದಿತು. ಅದು ಇದೇ ದೋಷವಲ್ಲವಾದರೂ, ದಾಳಿಯ ದಾರಿ ಇದೇ ಮೂಲ ಮಾದರಿಯ ಮೂಲಕ ಸಾಗಿತ್ತು.

ಕರ್ನಾಟಕಕ್ಕೆ ಇಂತಹ ಕನ್ನದ ಬೆಲೆ ಗೊತ್ತಿದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ತಾಣಕ್ಕೆ ನುಗ್ಗಿ ಸುಮಾರು 11.5 ಕೋಟಿ ರೂ. ಠೇವಣಿ ಹಣ ಲಪಟಾಯಿಸಲಾಗಿತ್ತು. ಆ ಕನ್ನಕ್ಕೆ ಈ ದೋಷವೇ ಕಾರಣವೆಂದಲ್ಲ. ಸಾರ್ವಜನಿಕ ತಾಣ ಸಡಿಲವಾದರೆ ಖಜಾನೆಯೇ ತೆರೆದುಕೊಳ್ಳುತ್ತದೆ ಎಂಬುದು ಪಾಠ.

ಪರಿಹಾರ ಲಭ್ಯವಿದ್ದರೂ ಹಳೆಯ ಆವೃತ್ತಿಗಳು ಉಳಿಯುವುದೇಕೆ? ತಾಣ ಕಟ್ಟಿಕೊಟ್ಟ ಗುತ್ತಿಗೆದಾರನ ಹೊಣೆ ಹಸ್ತಾಂತರದೊಂದಿಗೆ ಮುಗಿದರೆ, ಮುಂದಿನ ದುರಸ್ತಿಗೆ ಹಣವೂ ಇಲ್ಲ, ಆಳೂ ಇಲ್ಲ. ಆವೃತ್ತಿ ಬದಲಿಸಿದರೆ ನಡೆಯುತ್ತಿರುವ ಪುಟ ಕೆಟ್ಟೀತೆಂಬ ಭಯ ಬೇರೆ. ಆ ಭಯ ನಿರಾಧಾರವೂ ಅಲ್ಲ.

ತಂತ್ರಾಂಶದಲ್ಲಿ ಬಳಸಿದ ಬಿಡಿಭಾಗಗಳ ಪಟ್ಟಿ ಇಡುವ ಕುರಿತು ಕೇಂದ್ರದ ಸರ್ಟ್-ಇನ್ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ಪಟ್ಟಿಯನ್ನೂ ಹಸ್ತಾಂತರಾನಂತರದ ನಿರ್ವಹಣಾ ವೆಚ್ಚವನ್ನೂ ಪ್ರತಿ ಟೆಂಡರಿನ ಷರತ್ತಾಗಿಸುವುದು ವಿವೇಕದ ಕ್ರಮ. ಎರವಲು ತಂದದ್ದಕ್ಕೆ ತಂದವನೇ ಹೊಣೆಯಾಗಬೇಕು. ಟ್ಯಾಂಕಿನಲ್ಲಿ ಏನಿದೆ ಎಂದು ನೋಡುವ ಅವಕಾಶ, ನಲ್ಲಿ ತಿರುಗಿಸುವ ನಾಗರಿಕನಿಗಂತೂ ಇಲ್ಲ.