ಸೈಟು ಕೇಳೋರಿಲ್ಲ, ಗಾರೆಯವನಿಗೆ ಕೂಲಿಯಿಲ್ಲ

ಬೈಪಾಸ್ ರಸ್ತೆ ಪಕ್ಕದಲ್ಲಿ ಕಲ್ಲು ನೆಟ್ಟು ಬಣ್ಣದ ಬಾವುಟ ಕಟ್ಟಿದ್ದ ಬಡಾವಣೆಗಳನ್ನು ಬಸ್ಸಿನ ಕಿಟಕಿಯಿಂದ ದಿನಾ ನೋಡುವವರಿಗೆ ಹೊಸದಾಗಿ ಹೇಳಬೇಕಾದ್ದೇನಿಲ್ಲ. ಬಾವುಟ ಹರಿದಿವೆ. ಕಲ್ಲಿನ ಸುತ್ತ ಪಾರ್ಥೇನಿಯಂ ಸೊಂಟದ ಮಟ್ಟ ಬೆಳೆದಿದೆ. ‘ಕೆಲವೇ ಸೈಟುಗಳು ಬಾಕಿ’ ಎಂಬ ಬೋರ್ಡು ಮಾತ್ರ ಎರಡು ವರ್ಷದಿಂದ ಅಲ್ಲೇ ಇದೆ. ಆ ಕೆಲವು ಯಾವಾಗ ಮುಗಿಯುತ್ತವೋ ದೇವರೇ ಬಲ್ಲ.

ದಲ್ಲಾಳಿಗಳನ್ನು ಕೇಳಿದರೆ ‘ರೇಟು ಇಳಿದಿಲ್ಲ ಸ್ವಾಮಿ’ ಅನ್ನುತ್ತಾರೆ. ಸುಳ್ಳಲ್ಲ. ಸೈಟಿನ ವ್ಯವಹಾರದಲ್ಲಿ ಮೊದಲು ಇಳಿಯುವುದು ರೇಟಲ್ಲ, ವ್ಯಾಪಾರ. ಟೊಮೆಟೊ ಮಾರುವವನು ಸಂಜೆಗೆ ಬೆಲೆ ಇಳಿಸಲೇಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಸೈಟು ಕೊಳೆಯುವುದಿಲ್ಲವಲ್ಲ! ಮಾಲೀಕ ಹಳೇ ರೇಟು ಹೇಳಿಕೊಂಡೇ ಕೂರುತ್ತಾನೆ, ಕೊಳ್ಳುವವನು ‘ಹಬ್ಬ ಕಳೀಲಿ, ನೋಡೋಣ’ ಎಂದು ಎದ್ದು ಹೋಗುತ್ತಾನೆ. ಆದ್ದರಿಂದ ಪೇಟೆ ಹೇಗಿದೆ ಎಂದು ತಿಳಿಯಬೇಕಾದರೆ ದಲ್ಲಾಳಿಯನ್ನು ಕೇಳಬೇಡಿ. ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಟೀ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಟೀ ಹೋಗುತ್ತೆ ಅಂತ ಕೇಳಿ. ಪತ್ರ ಬರಹಗಾರರು ಮಧ್ಯಾಹ್ನಕ್ಕೇ ಪೇಪರು ಓದಿ ಮುಗಿಸಿರುತ್ತಾರೆ.

2016ರ ನವೆಂಬರಿನಲ್ಲಿ ನೋಟು ರದ್ದಾದಾಗಲೂ ನೋಂದಣಿ ಬಿದ್ದಿತ್ತು. ಅದು ಒಂದೇ ರಾತ್ರಿಯ ಏಟು. ಈಗಿನದು ಟಯರಿನ ಗಾಳಿ ಮೆಲ್ಲಗೆ ಇಳಿದ ಹಾಗೆ. 2023ರ ಅಕ್ಟೋಬರಿನಲ್ಲಿ ಸರ್ಕಾರ ಮಾರ್ಗಸೂಚಿ ದರ ಏರಿಸಿತು. 2024ರ ಅಕ್ಟೋಬರಿನಿಂದ ನೋಂದಣಿಗೆ ಇ-ಖಾತೆ ಬೇಕೆಂದಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1 ಇದ್ದದ್ದು 2 ಆಯಿತು. 20 ಲಕ್ಷದ ಸೈಟಿಗೆ 20 ಸಾವಿರ ಕಟ್ಟಬೇಕಿದ್ದವನು 40 ಸಾವಿರ ಎಣಿಸಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲಿನ ಸೆಸ್ಸು ಬೇರೆ.

ಪೇಟೆ ಬಿಸಿಯಿದ್ದಾಗ ಇದೆಲ್ಲ ಯಾರಿಗೂ ತಟ್ಟುವುದಿಲ್ಲ. ತಣ್ಣಗಾದಾಗ ನೋಡಿ. ಮಗಳ ಮದುವೆಗೋ ಆಸ್ಪತ್ರೆ ಬಿಲ್ಲಿಗೋ ಸಿಕ್ಕಿಬಿದ್ದವನು ಮಾರ್ಗಸೂಚಿ ದರಕ್ಕಿಂತ ಕಮ್ಮಿಗೆ ಕೊಡುತ್ತೇನೆಂದರೂ, ಶುಲ್ಕ ಕಟ್ಟಬೇಕಾದ್ದು ಸರ್ಕಾರದ ಪುಸ್ತಕದ ದರಕ್ಕೇ. ವ್ಯತ್ಯಾಸ ನೂರಕ್ಕೆ 10 ದಾಟಿದರೆ ಆದಾಯ ತೆರಿಗೆಯವರ ಲೆಕ್ಕ ಮಾರಿದವನಿಗೂ ಬರುತ್ತದೆ, ಕೊಂಡವನಿಗೂ ಬರುತ್ತದೆ. ಇಳಿಯಬೇಕಾದ ಬೆಲೆ ಇಳಿಯದಂತೆ ಸರ್ಕಾರವೇ ಗೂಟ ಹೊಡೆದ ಹಾಗಾಯಿತು. ಏರಿಸಲು ಇದ್ದ ಉತ್ಸಾಹ ಇಳಿಸಲೂ ಇರಬೇಡವೆ?

ಇ-ಖಾತೆ ತಪ್ಪು ಅಂತ ನಾವು ಹೇಳುವುದಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವವರ ಕೈ ಕಟ್ಟಲು ಅದು ಬೇಕು. ಆದರೆ ಕಾಗದ ಸರಿಯಿದ್ದವನೂ ಪುರಸಭೆ, ನಗರಸಭೆ ಬಾಗಿಲಿಗೆ ಚಪ್ಪಲಿ ಸವೆಸುವುದೇಕೆ? 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ಖಾತೆಯೇ ಕೈಗೆ ಬಾರದವನಿಗೆ ಸಾಲ ಕೊಡುವ ಬ್ಯಾಂಕು ಯಾವುದು, ಸಿಮೆಂಟು ಅಗ್ಗವಾಗಿ ಮಾಡುವುದೇನು?

ಸೈಟು ಮಾರಿ ಲಾಭ ಮಾಡುವವರ ಸಲುವಾಗಿ ಕಣ್ಣೀರು ಹಾಕಲು ಈ ಅಂಕಣ ಬರೆಯುತ್ತಿಲ್ಲ. (ನಮಗೂ ಒಂದು ಸೈಟಿಲ್ಲ, ಬಾಡಿಗೆ ಮನೆ.) ಆದರೆ ಒಂದು ಮನೆ ಏಳದಿದ್ದರೆ ಇಟ್ಟಿಗೆ ಗೂಡಿಗೆ ಕೆಲಸವಿಲ್ಲ, ಟ್ರ್ಯಾಕ್ಟರಿಗೆ ಬಾಡಿಗೆಯಿಲ್ಲ, ಹಾರ್ಡ್‌ವೇರ್ ಅಂಗಡಿಯ ಸಾಲದ ಪುಸ್ತಕ ದಪ್ಪವಾಗುತ್ತದೆ, ಹೊರತು ಗಲ್ಲಾ ತುಂಬುವುದಿಲ್ಲ. ಮೇಸ್ತ್ರಿ ಕಿರಾಣಿ ಅಂಗಡಿಗೆ ‘ಶನಿವಾರ ಕೊಡ್ತೀನಣ್ಣ’ ಅನ್ನುತ್ತಾನೆ. ಯಾವ ಶನಿವಾರ ಎಂದು ಹೇಳುವುದಿಲ್ಲ.

ಬೆಳಿಗ್ಗೆ ಹಳ್ಳಿ ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬರುವ ಹೆಂಗಸರನ್ನು ನೀವೇ ನೋಡಿದ್ದೀರಿ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿಲ್ಲ, ಸಂತೋಷ. ಬಂದು ಇಳಿದ ಸರ್ಕಲಿನಲ್ಲಿ ಕರೆಯುವವರೇ ಇಲ್ಲವಲ್ಲ! ಕಟ್ಟಡದ ವೆಚ್ಚದಲ್ಲಿ ನೂರಕ್ಕೆ 1ರಂತೆ ಸೆಸ್ಸು ವಸೂಲು ಮಾಡಿ ಇವರಿಗೆಂದೇ ಕಲ್ಯಾಣ ಮಂಡಳಿ ಮಾಡಲಾಗಿದೆ. ಅದರ ಕಾರ್ಡು ಬೇಕಾದರೆ ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಕೆಲಸವೇ ಇಲ್ಲದ ವರ್ಷ 90 ದಿನ ಎಲ್ಲಿಂದ ತರುವುದು? ಕಷ್ಟ ಬಂದ ವರ್ಷವೇ ಕಾರ್ಡು ತಪ್ಪುತ್ತದೆ. 2020ರ ಲಾಕ್‌ಡೌನಿನಲ್ಲಿ ಕಾರ್ಡಿದ್ದವರಿಗೆ 5,000 ರೂಪಾಯಿ ಘೋಷಿಸಿದ ಸರ್ಕಾರಕ್ಕೆ ಈ ನಿಯಮ ಸಡಿಲಿಸುವುದು ಕಷ್ಟವಲ್ಲ.

ಇನ್ನು ಕಂತಿನಲ್ಲಿ ದುಡ್ಡು ಕಟ್ಟುತ್ತಿರುವ ಅಂಗಡಿಕಾರ ಮಿತ್ರರಿಗೆ ಒಂದು ಮಾತು. 500 ಚದರ ಮೀಟರು ಮೀರಿದ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು, ಕರಾರು ಪತ್ರ ನೋಂದಣಿಯಾಗದೆ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ವ್ಯಾಪಾರ ತಣ್ಣಗಾದಾಗ ಮೊದಲು ಫೋನು ಎತ್ತದಿರುವವರು ಬಿಳೀ ರಸೀತಿ ಕೊಟ್ಟವರೇ. ಇವತ್ತೇ ಪೆಟ್ಟಿಗೆ ತೆಗೆದು ನಿಮ್ಮ ರಸೀತಿ ನೋಡಿಕೊಳ್ಳಿ.

ನಗರಸಭೆಯವರು ಇ-ಖಾತೆಗೆ ಬಂದ ಅರ್ಜಿ ಎಷ್ಟು, ಕೊಟ್ಟಿದ್ದೆಷ್ಟು ಎಂದು ವಾರಕ್ಕೊಮ್ಮೆ ಬಾಗಿಲಲ್ಲಿ ಅಂಟಿಸಲಿ. ಕಾರ್ಮಿಕ ಇಲಾಖೆಯವರು ಒಂದು ದಿನ ಬೆಳಿಗ್ಗೆ ಎಂಟಕ್ಕೆ ಸರ್ಕಲಿಗೆ ಬಂದು ನಿಲ್ಲಲಿ. ಹತ್ತೂವರೆಗೆ ಕಚೇರಿ ಹೊತ್ತಿಗೆ ಬಂದರೆ ಪ್ರಯೋಜನವಿಲ್ಲ. ಅಷ್ಟರಲ್ಲಿ ಬುತ್ತಿ ಬಿಚ್ಚದೆ ಅದೇ ಬಸ್ಸು ಹತ್ತಿರುತ್ತಾರೆ.