ಔಷಧ ಪರೀಕ್ಷೆಯೂ ಜೀವಕಾರುಣ್ಯವೂ

ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರಲ್ಲಿಯೇ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ಅದೇ ವರ್ಷ ತಡೆಯಿತು. ಅಲಂಕಾರಕ್ಕಾಗಿ ಮೊಲದ ಕಣ್ಣನ್ನು ನೋಯಿಸಬಾರದೆಂದು ಒಪ್ಪುವುದು ಸುಲಭ. ಔಷಧದ ಪ್ರಶ್ನೆ ಅಷ್ಟು ಸರಳವಲ್ಲ. 1921ರಲ್ಲಿ ಟೊರಾಂಟೊ ನಗರದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದಲೇ ಇನ್ಸುಲಿನ್ ಚಿಕಿತ್ಸೆಗೆ ದಾರಿಯಾಯಿತು. ಅದರಿಂದ ಜೀವ ಉಳಿಸಿಕೊಂಡವರು ನಮ್ಮ ಸದ್ಭಕ್ತರಲ್ಲಿಯೂ ಇದ್ದಾರೆ. ಆ ಋಣವನ್ನು ನಾವು ಮರೆಯಲಾಗದು.

ಆದರೆ ಅಂದಿನ ಅನಿವಾರ್ಯತೆಯು ಇಂದಿನ ರೂಢಿಗೆ ಸಮರ್ಥನೆಯಾಗಬಾರದು. ಸಾಧ್ಯವಿರುವಲ್ಲೆಲ್ಲ ಪ್ರಾಣಿಪ್ರಯೋಗವನ್ನು ತಪ್ಪಿಸಬೇಕೆಂಬ ಆಶಯವು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿಯೇ ಇದೆ. 2023ರಲ್ಲಿ ಕೇಂದ್ರ ಸರ್ಕಾರವು ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಮಾನವ ಜೀವಕೋಶಗಳ ಮೇಲಿನ ಪರೀಕ್ಷೆ, ಕಂಪ್ಯೂಟರ್ ಮಾದರಿ ಮೊದಲಾದ ವಿಧಾನಗಳಿಗೂ ಮನ್ನಣೆ ನೀಡಿತು. ಇದು ಅನುಮತಿಯೇ ಹೊರತು ಕಡ್ಡಾಯವಲ್ಲ. ಬಳಸಬಲ್ಲವರು ಸಿದ್ಧರಾಗದಿದ್ದರೆ ಕಾಗದದಲ್ಲಿಯೇ ಉಳಿದೀತು.

ಇಲ್ಲಿ ನಮ್ಮ ಹೊಣೆಯೂ ಇದೆ. ನಾಡಿನ ಹಲವು ಲಿಂಗಾಯತ ಮಠಗಳು ವೈದ್ಯಕೀಯ ಹಾಗೂ ಔಷಧ ವಿಜ್ಞಾನ ಕಾಲೇಜುಗಳನ್ನು ನಡೆಸುತ್ತಿವೆ. ಈ ನೂತನ ವಿಧಾನಗಳನ್ನು ಕಲಿಸುವ ಪ್ರಯೋಗಾಲಯಗಳು ಮೊದಲು ಅಲ್ಲಿಯೇ ಆರಂಭವಾಗಲಿ. ಶರಣರ ಜೀವಕಾರುಣ್ಯವನ್ನು ಪ್ರವಚನಗಳಲ್ಲಿ ಆಲಿಸುವ ನಾವು, ಮೂಕಜೀವಿಗಳ ನೋವನ್ನು ತಗ್ಗಿಸುವ ವಿದ್ಯೆಗೂ ದಾಸೋಹದ ಒಂದು ಪಾಲನ್ನು ಮೀಸಲಿಡೋಣ.