ಎರಡನೆಯ ಲೆನ್ಸು ಯಾವುದಿರಬೇಕು?

ನಮ್ಮ ಕಾಲೇಜಿನಲ್ಲಿ ಸ್ವಂತ ಕ್ಯಾಮರಾ ಇರುವ ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿಯೂ ಹೆಚ್ಚಿನವರ ಕ್ಯಾಮರಾ ಅಣ್ಣನಿಂದಲೋ ಸೋದರಮಾವನಿಂದಲೋ ಬಂದದ್ದು, ಇಲ್ಲವೆ ಯಾರೋ ಬಳಸಿ ಬಿಟ್ಟದ್ದನ್ನು ಕಡಮೆ ಬೆಲೆಗೆ ಕೊಂಡದ್ದು. ಆದರೂ ಈ ಸಣ್ಣ ಬಳಗದ ಇಬ್ಬರು ಒಂದೆಡೆ ಸೇರಿದರೆ ನಡೆಯುವ ಚರ್ಚೆ ಒಂದೇ: “ಮುಂದೆ ಯಾವ ಲೆನ್ಸು ಕೊಳ್ಳುವುದು?” ಮಸೂರವೆಂಬ ಶುದ್ಧವಾದ ಮಾತು ನಮ್ಮ ಪಠ್ಯಪುಸ್ತಕದಲ್ಲಿದೆ, ಆದರೆ ಅಂಗಡಿಯಲ್ಲಿಯೂ ಹಾಸ್ಟೆಲಿನಲ್ಲಿಯೂ ಎಲ್ಲರೂ ಲೆನ್ಸು ಎಂದೇ ಅನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಇದು ಬರಿಯ ಷೋಕಿಯ ಮಾತೆಂದು ಅಧ್ಯಾಪಕವರ್ಗದವರು ಭಾವಿಸಬಾರದೆಂದು ನನ್ನ ಪ್ರಾರ್ಥನೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣ, ರಜೆಯಲ್ಲಿ ದುಡಿದು ಕೂಡಿಸಿದ ಹಣ ಒಮ್ಮೆ ಕೈಬಿಟ್ಟರೆ ಮತ್ತೆ ಬೇಗನೆ ಕೂಡುವುದಿಲ್ಲ. ಅದನ್ನು ಎಲ್ಲಿ ತೊಡಗಿಸಬೇಕೆಂಬುದು ಅರ್ಥಶಾಸ್ತ್ರದ ಪ್ರಶ್ನೆ. ಏನನ್ನು ನೋಡುವುದಕ್ಕಾಗಿ ತೊಡಗಿಸಬೇಕೆಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಕ್ಯಾಮರಾದ ಜೊತೆಯಲ್ಲಿಯೇ ಬರುವ ಮೊದಲನೆಯ ಲೆನ್ಸು ಸಾಮಾನ್ಯವಾಗಿ ೧೮ರಿಂದ ೫೫ ಮಿಲಿಮೀಟರ್ ಸಂಗಮದೂರದ್ದು. ಇದನ್ನು ಹಳಿಯುವುದು ಈಗ ಒಂದು ರೂಢಿಯಾಗಿದೆ; ಅದು ನ್ಯಾಯವಲ್ಲ. ಹಗಲು ಹೊತ್ತಿನಲ್ಲಿ, ಬಯಲಿನಲ್ಲಿ, ಊರಹಬ್ಬದಲ್ಲಿ, ಕಾಲೇಜಿನ ಪ್ರವಾಸದಲ್ಲಿ ಅದು ಒಳ್ಳೆಯ ಕೆಲಸವನ್ನೇ ಮಾಡುತ್ತದೆ. ಆದರೆ ಅದಕ್ಕೆ ಎರಡು ಕೊರತೆಗಳುಂಟು. ಒಂದು, ದೂರದ್ದನ್ನು ಹತ್ತಿರಕ್ಕೆ ತರಲಾರದು. ಎರಡು, ಬೆಳಕು ಕಡಮೆಯಾದೊಡನೆ ತಡವರಿಸುತ್ತದೆ. ಮೊದಲನೆಯ ಕೊರತೆ ಎಲ್ಲರಿಗೂ ಥಟ್ಟನೆ ತಿಳಿಯುತ್ತದೆ. ಮರದ ಮೇಲಿನ ಹಕ್ಕಿ ಚಿತ್ರದಲ್ಲಿ ಚುಕ್ಕೆಯಾದಾಗ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯದು ಹಾಗೆ ತಿಳಿಯದು. ಮನೆಯೊಳಗೆ ತೆಗೆದ ಚಿತ್ರ ಮಸುಕಾದರೆ ಕೈ ನಡುಗಿತೆಂದೋ ಕ್ಯಾಮರಾ ಹಳೆಯದೆಂದೋ ಸಮಾಧಾನ ಮಾಡಿಕೊಳ್ಳುತ್ತೇವೆ. ಹೀಗಾಗಿ ಹೊಸಬರ ಮನಸ್ಸು ೫೫-೨೫೦ ಅಥವಾ ೭೦-೩೦೦ ಮಿಲಿಮೀಟರಿನ ಉದ್ದನೆಯ ಜೂಮ್ ಲೆನ್ಸಿನ ಕಡೆಗೇ ಹರಿಯುತ್ತದೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಕ್ಯಾಮರಾದ ಕಣ್ಣಿಗೂ ಸಲ್ಲುತ್ತದೆ.

ನನ್ನ ಅಭಿಪ್ರಾಯ ಬೇರೆ. ಹಣ ಕಡಮೆಯಿರುವ ಹೊಸಬರು ದೂರಕ್ಕಿಂತ ಮೊದಲು ಬೆಳಕನ್ನು ಕೊಳ್ಳಬೇಕು. ಅಂದರೆ ಜೂಮ್ ಇಲ್ಲದ, ೩೫ ಅಥವಾ ೫೦ ಮಿಲಿಮೀಟರ್ ಎಂಬ ಒಂದೇ ಸಂಗಮದೂರವುಳ್ಳ, ಎಫ್ ೧.೮ರ ಸಣ್ಣ ಲೆನ್ಸು ನಮ್ಮ ಎರಡನೆಯ ಲೆನ್ಸಾಗಬೇಕು.

ಇದಕ್ಕೆ ಲೆಕ್ಕದ ಆಧಾರವಿದೆ. ಸಂಗಮದೂರವನ್ನು ಬೆಳಕು ಹೋಗುವ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಅಂಕೆ. ಆದ್ದರಿಂದ ಅಂಕೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನಮ್ಮ ಮೊದಲ ಲೆನ್ಸು ೫೦ ಮಿಲಿಮೀಟರಿನ ಹತ್ತಿರ ಎಫ್ ೫.೬ಕ್ಕಿಂತ ದೊಡ್ಡದಾಗಿ ಕಿಂಡಿ ತೆರೆಯಲಾರದು. ೫.೬ನ್ನು ೧.೮ರಿಂದ ಭಾಗಿಸಿದರೆ ೩.೧, ಅದರ ವರ್ಗ ಸುಮಾರು ೯.೭. ಎಂದರೆ ಎಫ್ ೧.೮ರ ಲೆನ್ಸು ಸುಮಾರು ಹತ್ತರಷ್ಟು ಬೆಳಕನ್ನು ಒಳಕ್ಕೆ ಬಿಡುತ್ತದೆ. ಮೊದಲನೆಯದರಲ್ಲಿ ಒಂದು ಸೆಕೆಂಡಿನ ೧೦ನೆಯ ಒಂದು ಭಾಗ ಬೇಕಾದ ಚಿತ್ರಕ್ಕೆ ಇದರಲ್ಲಿ ೧೦೦ನೆಯ ಒಂದು ಭಾಗ ಸಾಕು. ಹೊಸ ಲೆನ್ಸುಗಳಲ್ಲಿ ಕೈನಡುಕವನ್ನು ತಡೆಯುವ ಏರ್ಪಾಡಿದೆಯಲ್ಲ ಎಂದು ಕೆಲವರು ಕೇಳಬಹುದು. ಆ ಏರ್ಪಾಡು ನಮ್ಮ ಕೈಯ ಅಲುಗಾಟವನ್ನು ತಡೆಯಬಲ್ಲುದೇ ಹೊರತು ಎದುರಿಗೆ ಓಡಾಡುವ ಮಗುವನ್ನು ನಿಲ್ಲಿಸಲಾರದು. ಅದಕ್ಕೆ ಬೆಳಕೇ ಬೇಕು.

ಈ ಲೆನ್ಸು ಅಗ್ಗವಾಗಿರುವುದಕ್ಕೂ ಕಾರಣವುಂಟು. ಇದರ ರಚನೆಯ ಮೂಲ, ಜರ್ಮನಿಯ ಜೈಸ್ ಕಾರ್ಖಾನೆಯಲ್ಲಿ ಪಾಲ್ ರುಡಾಲ್ಫ್ ಎಂಬಾತನು ೧೮೯೬ರಲ್ಲಿ ರೂಪಿಸಿದ ಪ್ಲಾನಾರ್ ಲೆನ್ಸು. ಒಂದು ಶತಮಾನಕ್ಕೂ ಹೆಚ್ಚು ಕಾಲ ಪಳಗಿದ ವಿನ್ಯಾಸವಾದ್ದರಿಂದ ಕೆಲವೇ ಗಾಜುಗಳಲ್ಲಿ ಕೆಲಸ ಮುಗಿಯುತ್ತದೆ. ಕ್ಯಾನನ್ನಿನ ೫೦ ಮಿಲಿಮೀಟರ್ ಎಫ್ ೧.೮ರಲ್ಲಿ ಇರುವುದು ಆರೇ ಗಾಜುಗಳು. ಬೆಲೆ ಕಡಮೆಯೆಂದು ಗುಣ ಕಡಮೆಯಲ್ಲ. ಇನ್ನೂ ದುಬಾರಿಯಾದ ಎಫ್ ೧.೪ಕ್ಕೆ ಆಸೆಪಡುವ ಅಗತ್ಯವೂ ಇಲ್ಲ. ಅದು ಕೊಡುವ ಬೆಳಕು ೧.೮ರದಕ್ಕಿಂತ ಎರಡು ಪಟ್ಟೂ ಆಗುವುದಿಲ್ಲ, ಬೆಲೆ ಮಾತ್ರ ಎರಡು ಪಟ್ಟನ್ನು ಮೀರುವುದುಂಟು.

ಲೆಕ್ಕ ಹೀಗಿರಲಿ; ನನ್ನ ಮನಸ್ಸಿಗೆ ಮುಖ್ಯವೆನಿಸುವ ಕಾರಣ ಬೇರೊಂದಿದೆ. ನಮ್ಮಲ್ಲಿ ಬಹು ಮಂದಿ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಅಜ್ಜ ಅಜ್ಜಿಯರ ಚಿತ್ರವೆಂದರೆ ಸರಕಾರದ ಗುರುತಿನ ಚೀಟಿಯ ಮೇಲೆ ಬೆದರಿದ ಕಣ್ಣುಗಳ ಒಂದು ಮುಖ, ಹೆಚ್ಚೆಂದರೆ ಯಾರದೋ ಮದುವೆಯ ಆಲ್ಬಮ್ಮಿನಲ್ಲಿ ಅಂಚಿಗೆ ನಿಂತ ಒಂದು ಆಕೃತಿ. ಅವರು ಬದುಕಿದ್ದು ಎಲ್ಲಿ? ನಡುಮನೆಯಲ್ಲಿ, ಕೊಟ್ಟಿಗೆಯಲ್ಲಿ, ಒಂದೇ ಬಲ್ಬು ಉರಿಯುವ ಅಡಿಗೆಮನೆಯಲ್ಲಿ. ಹೊಗೆ ಹಿಡಿದ ಗೋಡೆ, ಗವಾಕ್ಷಿಯಿಂದ ಬೀಳುವ ಬಿಸಿಲ ಕೋಲು, ರೊಟ್ಟಿ ತಟ್ಟುವ ಕೈ — ಇವು ಮೊದಲನೆಯ ಲೆನ್ಸಿಗೆ ಸಿಕ್ಕುವುದು ಕಷ್ಟ. ಫ್ಲಾಷ್ ಹಾಕಿದರೆ ಮುಖ ಬೆಳ್ಳಗಾಗಿ, ಹಿಂದಿನ ಗೋಡೆಯ ಮೇಲೆ ಕರಿಯ ನೆರಳು ಬಿದ್ದು, ಆ ಮನೆ ಆ ಮನೆಯಾಗಿಯೇ ಉಳಿಯುವುದಿಲ್ಲ. ಇನ್ನು ಹತ್ತು ವರ್ಷದಲ್ಲಿ ಆ ಒಲೆಯೂ ಇರದು, ಆ ಕೈಯೂ ಇರದೆ ಹೋಗಬಹುದು. ಅಭಯಾರಣ್ಯದ ಹುಲಿಯ ಚಿತ್ರವನ್ನು ತೆಗೆಯಲು ನಮಗಿಂತ ಅನುಕೂಲವಂತರು ಎಷ್ಟೋ ಜನರಿದ್ದಾರೆ. ನಮ್ಮ ಅಜ್ಜಿಯ ಚಿತ್ರವನ್ನು ಅವಳ ಮನೆಯ ಬೆಳಕಿನಲ್ಲಿಯೇ ತೆಗೆಯಲು ನಮ್ಮನ್ನು ಬಿಟ್ಟರೆ ಇನ್ನಾರೂ ಇಲ್ಲ.

ದೊಡ್ಡವರ ದಾರಿಯೂ ಇದಕ್ಕೆ ಇಂಬುಕೊಡುತ್ತದೆ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋನರು (೧೯೦೮-೨೦೦೪) ತಮ್ಮ ಲೈಕಾ ಕ್ಯಾಮರಾಕ್ಕೆ ೫೦ ಮಿಲಿಮೀಟರಿನ ಒಂದೇ ಲೆನ್ಸನ್ನು ತೊಡಿಸಿ ಜೀವಮಾನದ ಬಹುಪಾಲು ಕೆಲಸವನ್ನು ಮಾಡಿದರು, ಫ್ಲಾಷನ್ನು ಒಲ್ಲೆನೆಂದರು. ೧೯೪೮ರ ಜನವರಿ ೩೦ರಂದು ಅವರು ದೆಹಲಿಯಲ್ಲಿದ್ದರು. ಬಿರ್ಲಾ ಭವನದ ಬಳಿ ನೆಹರೂರವರು ಗಾಂಧೀಜಿಯ ಮರಣವಾರ್ತೆಯನ್ನು ಜನರಿಗೆ ತಿಳಿಸುತ್ತಿರುವ ಅವರ ಚಿತ್ರ ಕತ್ತಲೆಯಲ್ಲಿ ದೀಪದ ಬೆಳಕಿನಿಂದಲೇ ತೆಗೆದದ್ದು. ಅದು ಅಚ್ಚುಕಟ್ಟಾದ ಚಿತ್ರವಲ್ಲ. ಆದರೂ ಆ ರಾತ್ರಿ ಅದರಲ್ಲಿದೆ. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩-೨೦೦೯) ಅವರು ಹೆಸರಾದದ್ದೂ ಸಾಮಾನ್ಯ ಜನರ ನಿತ್ಯದ ಬದುಕಿನ ಚಿತ್ರಗಳಿಂದ. ಹತ್ತಿರ ಹೋಗಿ, ಮಾತನಾಡಿಸಿ ತೆಗೆಯುವ ಚಿತ್ರಕ್ಕೆ ಉದ್ದನೆಯ ಲೆನ್ಸಿನ ಹಂಗಿಲ್ಲ.

ಈಗ ೩೫ ಕೊಳ್ಳಬೇಕೋ ೫೦ ಕೊಳ್ಳಬೇಕೋ ಎಂಬ ಪ್ರಶ್ನೆ. ಲೈಕಾದ ಫಿಲ್ಮಿನ ಮೇಲೆ ಮೂಡುವ ಚಿತ್ರ ೩೬ ಮಿಲಿಮೀಟರ್ ಅಗಲದ್ದು. ನಮ್ಮಂಥವರ ಡಿಜಿಟಲ್ ಕ್ಯಾಮರಾದ ಸಂವೇದಕ ಸುಮಾರು ೨೩ ಮಿಲಿಮೀಟರಿನದು. ಆದ್ದರಿಂದ ನಮ್ಮ ಕ್ಯಾಮರಾದಲ್ಲಿ ೫೦ರ ಲೆನ್ಸು ಅಲ್ಲಿನ ೭೫ ಅಥವಾ ೮೦ರಂತೆ ಇಕ್ಕಟ್ಟಾಗಿ ನೋಡುತ್ತದೆ. ೩೫ರ ಲೆನ್ಸು ಅಲ್ಲಿನ ೫೦ಕ್ಕೆ ಹತ್ತಿರವಾಗುತ್ತದೆ. ಎಂಟು ಅಡಿ ದೂರದಿಂದ ೫೦ರ ಲೆನ್ಸಿಗೆ ಕಾಣುವುದು ಮೂರೂವರೆ ಅಡಿಯ ಅಗಲ. ೩೫ರದಕ್ಕೆ ಐದು ಅಡಿಗೂ ಮಿಕ್ಕಿ. ಸಣ್ಣ ಕೋಣೆಯಲ್ಲಿ ಇಬ್ಬರು ಕುಳಿತ ಚಿತ್ರ ಬೇಕಾದರೆ ೩೫ ವಾಸಿ. ಒಬ್ಬರ ಮುಖವೇ ಮುಖ್ಯವಾದರೆ ೫೦ ಸಾಕು. ನಿಕಾನ್ ಉಳ್ಳವರಿಗೆ ೨೦೦೯ರಲ್ಲಿ ಬಂದ ೩೫ ಮಿಲಿಮೀಟರ್ ಎಫ್ ೧.೮ ಹೇಳಿಮಾಡಿಸಿದಂತಿದೆ. ಕ್ಯಾನನ್ ಉಳ್ಳವರಿಗೆ ಅಗ್ಗವಾದದ್ದು ೫೦; ಅದರಲ್ಲಿ ೨೦೧೫ರ ಮೂರನೆಯ ಮಾದರಿ ೩೫ ಸೆಂಟಿಮೀಟರಿನಷ್ಟು ಹತ್ತಿರದ್ದನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ.

ಕೊಳ್ಳುವಾಗ ಕೆಲವು ಎಚ್ಚರಿಕೆಗಳು ಬೇಕು. ನಿಕಾನಿನ ಡಿ ೩೫೦೦, ಡಿ ೫೬೦೦ ಮೊದಲಾದ ಕ್ಯಾಮರಾಗಳೊಳಗೆ ಫೋಕಸ್ ಮಾಡುವ ಮೋಟಾರು ಇಲ್ಲ. ‘ಎಎಫ್-ಎಸ್’ ಎಂದಿರುವ ಲೆನ್ಸಿನಲ್ಲಿ ಮೋಟಾರು ಅದರೊಳಗೇ ಇರುತ್ತದೆ. ಬರಿಯ ‘ಎಎಫ್’ ಎಂದಿರುವ ಹಳೆಯ ೫೦ರ ಲೆನ್ಸನ್ನು ಅಗ್ಗವೆಂದು ತಂದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕಾಗುತ್ತದೆ. ಕ್ಯಾನನ್ನಿನ ಹಳೆಯ ‘ಇಎಫ್’ ಲೆನ್ಸನ್ನು ೨೦೧೮ರ ಬಳಿಕ ಬಂದ ‘ಆರ್‌ಎಫ್’ ಕ್ಯಾಮರಾಗಳಿಗೆ ನಡುವೆ ಒಂದು ಅಡಾಪ್ಟರ್ ಇಟ್ಟು ಜೋಡಿಸಬಹುದು. ಹೊಸ ಲೆನ್ಸನ್ನು ಹಳೆಯ ಕ್ಯಾಮರಾಕ್ಕೆ ಜೋಡಿಸಲು ಬರುವುದಿಲ್ಲ. ಬಳಸಿದ ಲೆನ್ಸನ್ನು ಕೊಳ್ಳುವವರು ಅದರೊಳಕ್ಕೆ ಟಾರ್ಚು ಬಿಟ್ಟು ನೋಡಬೇಕು. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡಿನ, ಕರಾವಳಿಯ ತೇವದಲ್ಲಿ ಇಟ್ಟ ಲೆನ್ಸುಗಳಿಗೆ ಅದು ಬೇಗ ಹಿಡಿಯುತ್ತದೆ. ಅಂಥದನ್ನು ಎಷ್ಟು ಅಗ್ಗವಾದರೂ ಮುಟ್ಟಬಾರದು. ಇನ್ನೊಂದು ಮಾತು: ಎಫ್ ೧.೮ರಲ್ಲಿ ಸ್ಪಷ್ಟತೆಯ ಆಳ ಬಹಳ ಕಡಮೆ. ೫೦ರ ಲೆನ್ಸಿನಲ್ಲಿ ಐದಡಿ ದೂರದ ಮುಖವನ್ನು ತೆಗೆದರೆ ಐದಾರು ಸೆಂಟಿಮೀಟರ್ ಮಾತ್ರ ಸ್ಪಷ್ಟ; ಕಣ್ಣು ಸರಿಯಾಗಿ ಬಂದರೆ ಕಿವಿ ಮಸುಕು. ಇಬ್ಬರು ಮೂವರು ಇದ್ದಾಗ ಕಿಂಡಿಯನ್ನು ಸ್ವಲ್ಪ ಕಿರಿದುಮಾಡಬೇಕು.

ಹಾಗಾದರೆ ಉದ್ದನೆಯ ಲೆನ್ಸು ಯಾರಿಗೂ ಬೇಡವೆ? ಹಾಗಲ್ಲ. ಹಕ್ಕಿಗಳಲ್ಲಿಯೇ ಮನಸ್ಸಿಟ್ಟವರಿಗೆ ಅದು ಬೇಕೇ ಬೇಕು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದದ್ದು ಅವುಗಳ ಬದುಕನ್ನು ಬಹುಕಾಲ ಬೆನ್ನುಹತ್ತಿ. ಅಂಥ ಹಟ ಇರುವವರಿಗೆ ನನ್ನ ಬುದ್ಧಿವಾದ ಬೇಡ. ಕಬಡ್ಡಿ, ಓಟಗಳ ಚಿತ್ರ ತೆಗೆಯುವವರಿಗೂ ಅದರ ಅವಶ್ಯಕತೆ ಇರಬಹುದು. ವರ್ಷಕ್ಕೊಮ್ಮೆ ರಂಗನತಿಟ್ಟಿಗೆ ಹೋಗಿಬರುವವರು ಆ ಒಂದು ದಿನಕ್ಕಾಗಿ ಉಳಿದ ೩೬೪ ದಿನಗಳ ಹಣವನ್ನು ಸುರಿಯಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಮಾತನ್ನು ಯಾರೂ ನನ್ನ ಮೇಲಿನ ನಂಬಿಕೆಯಿಂದ ಒಪ್ಪಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ಪ್ರತಿಯೊಂದು ಡಿಜಿಟಲ್ ಚಿತ್ರದೊಳಗೂ ಅದನ್ನು ತೆಗೆದ ಸಂಗಮದೂರ, ಕಿಂಡಿಯ ಅಂಕೆ, ಷಟರಿನ ಕಾಲ ದಾಖಲಾಗಿರುತ್ತವೆ. ಕಂಪ್ಯೂಟರಿನಲ್ಲಿ ನಿಮ್ಮ ಕೊನೆಯ ಇನ್ನೂರು ಚಿತ್ರಗಳನ್ನು ತೆರೆದು ಒಂದು ಹಾಳೆಯ ಮೇಲೆ ಗೀಟು ಹಾಕುತ್ತ ಬನ್ನಿ. ೫೫ರಲ್ಲಿ ತೆಗೆದು, ಸಾಲದೆ ಕತ್ತರಿಸಿ ದೊಡ್ಡದು ಮಾಡಿದವು ಹೆಚ್ಚಾಗಿದ್ದರೆ ನಿಮಗೆ ಬೇಕಾದದ್ದು ದೂರ. ೧೮ರಲ್ಲಿ ತೆಗೆದು, ಇನ್ನೂ ಹಿಂದಕ್ಕೆ ಸರಿಯಲು ಜಾಗವಿಲ್ಲದೆ ಹೋದವು ಹೆಚ್ಚಾಗಿದ್ದರೆ ಅಗಲ. ಷಟರಿನ ಕಾಲ ನಿಧಾನವಾಗಿ ಮಸುಕಾದವು ಹೆಚ್ಚಾಗಿದ್ದರೆ ಬೆಳಕು. ಆಮೇಲೆ ಒಂದು ವಾರ ಈಗಿರುವ ಲೆನ್ಸನ್ನು ೩೫ರಲ್ಲಿಯೇ ನಿಲ್ಲಿಸಿ, ಜೂಮ್ ತಿರುಗಿಸದೆ, ಕಾಲಿನಿಂದಲೇ ಹಿಂದೆ ಮುಂದೆ ನಡೆದು ಚಿತ್ರ ತೆಗೆಯಿರಿ. ಮುಂದಿನ ವಾರ ೫೦ರಲ್ಲಿ. ಯಾವುದು ನಿಮ್ಮ ಕಣ್ಣಿಗೆ ಒಗ್ಗುವುದೆಂದು ಒಂದು ಕಾಸೂ ಖರ್ಚಿಲ್ಲದೆ ತಿಳಿಯುತ್ತದೆ.

ಕಡೆಯದಾಗಿ ಕಾಲೇಜಿನ ಹಿರಿಯರಲ್ಲಿ ಒಂದು ಬಿನ್ನಹ. ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ಪಡೆಯುವಂತೆ, ಕ್ಯಾನನ್ನಿನದೊಂದು, ನಿಕಾನಿನದೊಂದು ಇಂಥ ಲೆನ್ಸನ್ನು ಒಂದು ವಾರದ ಮಟ್ಟಿಗೆ ಪಡೆಯುವ ಏರ್ಪಾಡು ಏಕಾಗಬಾರದು? ಇತಿಹಾಸದ ವಿದ್ಯಾರ್ಥಿಗಳು ಕತ್ತಲೆಯ ಗುಡಿಯೊಳಗಿನ ಶಾಸನಗಳನ್ನೂ, ಕನ್ನಡದ ವಿದ್ಯಾರ್ಥಿಗಳು ಬೀಸುವ ಕಲ್ಲಿನ ಮುಂದೆ ಹಾಡುವ ಅಜ್ಜಿಯರನ್ನೂ, ಸಮಾಜಶಾಸ್ತ್ರದವರು ಬೀಡಿ ಕಟ್ಟುವ ಮನೆಗಳನ್ನೂ ಚಿತ್ರಿಸಿ ತಂದಾರು. ಆ ಚಿತ್ರಗಳಿಗೆ ನಮ್ಮ ಗ್ರಂಥಾಲಯದಲ್ಲಿಯೇ ಒಂದು ಕಪಾಟು ದೊರೆತರೆ, ನಮ್ಮ ಬಳಿಕ ಬರುವ ತಮ್ಮ ತಂಗಿಯರಿಗೆ ತಮ್ಮ ಹಿರಿಯರು ಹೇಗೆ ಬದುಕಿದ್ದರೆಂಬುದು ತಿಳಿದೀತು.